ನೋವಿನ ಕತೆಯನ್ನು ರಂಗಕ್ಕೆ ತರುವುದು ಹೇಗೆ: ಸಮುದಾಯದ ಜೊತೆ ಪ್ರದರ್ಶನ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಅನ್ಯಾಯ ಅನುಭವಿಸಿದ ಜನರ ಜೊತೆ ಕೂತು, ಅವರ ಕತೆಗಳಿಂದಲೇ ಒಂದು ಪ್ರದರ್ಶನ ಕಟ್ಟಬೇಕು ಅಂತ ನಿಮಗೆ ಅನಿಸಿದೆ. ಅದರಲ್ಲಿ ಮಾತು, ಹಾಡು, ಕುಣಿತ, ಚಿತ್ರ, ಬಟ್ಟೆ, ರೆಕಾರ್ಡ್ ಮಾಡಿದ ದನಿ ಎಲ್ಲವೂ ಇರಲಿ ಅಂದುಕೊಂಡಿದ್ದೀರಿ. ನೋಡಿದವರಿಗೆ ಅನ್ಯಾಯ ಕಾಣಬೇಕು. ಆಡಿದವರ ಗಾಯ ಸ್ವಲ್ಪವಾದರೂ ಮಾಯಬೇಕು. ಇವೆರಡೂ ಒಟ್ಟಿಗೆ ಆಗುವುದು ಸುಲಭವಲ್ಲ, ಯಾಕೆಂದರೆ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸುವ ದೃಶ್ಯವೇ ಎಷ್ಟೋ ಸಲ ಆಡುವವರ ಗಾಯವನ್ನು ಮತ್ತೆ ಕೆರೆಯುತ್ತಿರುತ್ತದೆ.

ಈ ಕೆಲಸದಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡಿರುವುದು ಒಂದೇ ಮಾತು. ಕತೆ ಯಾರದ್ದೋ, ಅದರ ಮೇಲಿನ ಹಕ್ಕು ಕೊನೆಯ ಗಳಿಗೆಯವರೆಗೂ ಅವರದ್ದೇ. ಕೆಳಗಿನ ಹಂತಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ಹಂತ 1: ನಿಮ್ಮನ್ನು ಯಾರು ಕರೆದರು?

ಮೊದಲು ಇದನ್ನು ಕೇಳಿಕೊಳ್ಳಿ. ಆ ಜನರೇ ಕರೆದರೋ, ಹಣ ಕೊಡುವವರು ಕಳಿಸಿದರೋ, ಅಥವಾ ನಿಮಗೇ ಆಸೆಯಾಗಿ ಹೊರಟಿರೋ? ಮೂರರಲ್ಲಿ ಯಾವುದೂ ತಪ್ಪಲ್ಲ. ಆದರೆ ಕರೆಯದೆ ಹೋಗಿದ್ದರೆ ಮೊದಲ ಒಂದೆರಡು ತಿಂಗಳು ನಾಟಕದ ಮಾತೇ ಎತ್ತಬೇಡಿ. ಅವರ ಸಭೆಗಳಿಗೆ ಹೋಗಿ, ಕುರ್ಚಿ ಜೋಡಿಸಿ, ಸುಮ್ನೆ ಕೂತು ಕೇಳಿ.

ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ತಮ್ಮ ತರುಣ ದಿನಗಳ ಒಂದು ಘಟನೆಯನ್ನು ಬರೆದಿಟ್ಟಿದ್ದಾರೆ. ಅವರ ತಂಡ ಬಡ ರೈತರ ಮುಂದೆ ನಾಟಕ ಆಡಿತು. ನಟರು ಬಂದೂಕು ಎತ್ತಿ ಹಿಡಿದು, ಭೂಮಿಗಾಗಿ ರಕ್ತ ಚೆಲ್ಲೋಣ ಅಂತ ಹಾಡಿದರು. ನಾಟಕ ಮುಗಿದ ಮೇಲೆ ಒಬ್ಬ ರೈತ ಬಂದು, ನಿಮ್ಮ ಬಂದೂಕು ತೆಗೆದುಕೊಂಡು ಈಗಲೇ ನಮ್ಮ ಜೊತೆ ಬನ್ನಿ, ಜಮೀನ್ದಾರನ ಆಳುಗಳನ್ನು ಓಡಿಸೋಣ ಅಂದ. ತಂಡದವರಿಗೆ ನಾಚಿಕೆಯಾಯಿತು. ಬಂದೂಕು ಬರೀ ರಂಗಪರಿಕರ, ನಾವು ಬರೀ ಕಲಾವಿದರು ಅಂತ ಒಪ್ಪಿಕೊಳ್ಳಬೇಕಾಯಿತು. ಹಾಗಾದರೆ ನೀವು ಚೆಲ್ಲಬೇಕು ಅಂದ ರಕ್ತ ನಮ್ಮದು, ನಿಮ್ಮದಲ್ಲ ಅಲ್ವಾ ಅಂತ ರೈತ ಕೇಳಿದ. ನಾವು ಎದುರಿಸಲು ತಯಾರಿಲ್ಲದ ಅಪಾಯವನ್ನು ಇನ್ನೊಬ್ಬರಿಗೆ ಹೇಳಿಕೊಡುವ ನಾಟಕವನ್ನು ಬೋಲ್ ಆಮೇಲೆ ಕೈಬಿಟ್ಟರು. ನಿಮ್ಮ ಯೋಜನೆಯನ್ನು ಈ ಪ್ರಶ್ನೆಯ ಮುಂದೆ ಒಮ್ಮೆ ನಿಲ್ಲಿಸಿ ನೋಡಿ: ಪ್ರದರ್ಶನದಿಂದ ಯಾರಿಗಾದರೂ ಕೋಪ ಬಂದರೆ ಅದರ ಏಟು ಯಾರಿಗೆ ಬೀಳುತ್ತದೆ? ನೀವು ಬಸ್ ಹತ್ತಿ ವಾಪಸ್ ಹೋಗುತ್ತೀರಿ. ಅವರು ಅಲ್ಲೇ ಇರುತ್ತಾರೆ.

ಹಂತ 2: ಗುಂಪು, ಜಾಗ, ಹಣ

12ರಿಂದ 20 ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಪ್ರತಿಯೊಬ್ಬರ ಮಾತು ಕೇಳಲು ಆಗುವುದಿಲ್ಲ. ವಾರಕ್ಕೊಮ್ಮೆ ಎರಡೂವರೆ ಗಂಟೆಯಂತೆ 12 ವಾರ, ಕೊನೆಯ ಎರಡು ವಾರ ಸ್ವಲ್ಪ ಜಾಸ್ತಿ. ಇದು ನನಗೆ ಸರಿ ಕಂಡಿರುವ ಲೆಕ್ಕ. ಒಂದು ವಾರದಲ್ಲಿ ಮುಗಿಸಿಕೊಡಿ ಅಂತ ಕೇಳಿದರೆ ನೋವಿನ ಕತೆಗಳನ್ನು ಮುಟ್ಟಲೇಬೇಡಿ. ಹಾಡು, ಆಟ, ಚಿತ್ರ ಇಷ್ಟರಲ್ಲೇ ಮುಗಿಸಿ.

ಜಾಗಕ್ಕೆ ಎರಡು ಬಾಗಿಲು ಇರಬೇಕು, ಹೊರಗಿನವರು ಇಣುಕದ ಹಾಗಿರಬೇಕು. ಶೌಚಾಲಯ, ನೀರು, ಕೂರಲು ಕುರ್ಚಿ, ಗಾಲಿಕುರ್ಚಿ ಬರುವ ದಾರಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು. ಮಕ್ಕಳ ವ್ಯವಸ್ಥೆ ಇಲ್ಲದಿದ್ದರೆ ತಾಯಂದಿರು ಮೂರನೇ ವಾರಕ್ಕೆ ನಿಂತುಬಿಡುತ್ತಾರೆ.

ಬಂದವರಿಗೆ ದುಡ್ಡು ಕೊಡಿ. ಪ್ರಯಾಣದ ಖರ್ಚು ಬೇರೆ, ಅವರ ಸಮಯಕ್ಕೆ ಸಂಭಾವನೆ ಬೇರೆ. ಬೆಳಕು ಮಾಡುವವರಿಗೆ ಹಣ ಇದೆ, ಪೋಸ್ಟರ್‌ಗೆ ಹಣ ಇದೆ, ಕತೆ ಕೊಟ್ಟವರಿಗೆ ಮಾತ್ರ ಒಂದು ಪ್ರಮಾಣಪತ್ರ ಅಂದರೆ ಅದು ಇನ್ನೊಂದು ಅನ್ಯಾಯ. ಬಜೆಟ್‌ನ ಹಾಳೆಯನ್ನು ಗುಂಪಿನ ಮುಂದೆ ಇಡಿ, ಎಲ್ಲರೂ ನೋಡಲಿ.

ಇನ್ನೊಂದು ವಿಷಯ. ನೀವು ಆಪ್ತಸಮಾಲೋಚಕರಲ್ಲ. ನಾನೂ ಅಲ್ಲ. ತರಬೇತಿ ಪಡೆದ ಒಬ್ಬರು ಮೊದಲ ದಿನದಿಂದ ಅದೇ ಕೋಣೆಯಲ್ಲಿ ಇರಬೇಕು. ಅವರು ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂರುವುದು ಬೇಡ. ಎಲ್ಲರ ಜೊತೆ ಆಟ ಆಡಲಿ, ಆಗ ಮಾತ್ರ ಜನ ಅವರ ಹತ್ತಿರ ಹೋಗುತ್ತಾರೆ.

ಹಂತ 3: ಒಪ್ಪಿಗೆಯನ್ನು ಮೂರು ಸಲ ಕೇಳಿ

ಇಲ್ಲಿ ನಾನೇ ಎಡವಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಒಂದು ಗುಂಪಿನಲ್ಲಿ ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಒಬ್ಬ ಮಹಿಳೆ ನನ್ನನ್ನು ಪಕ್ಕಕ್ಕೆ ಕರೆದು, ನನ್ನ ಕತೆ ಬೇಡ ಅಂದರು. ನಾಟಕದ ನಡುವಿನ ದೊಡ್ಡ ದೃಶ್ಯ ಅದು. ಯಾಕೆ ಅಂತ ನಾನು ಕೇಳಲಿಲ್ಲ, ಆದರೆ ಅವರೇ ಹೇಳಿದರು. ಮೊದಲು ಒಪ್ಪಿಗೆ ಕೇಳಿದಾಗ ಅವರಿಗೆ ನೆರವು ಕೊಡುತ್ತಿದ್ದ ಸಂಸ್ಥೆಯವರು ಅದೇ ಕೋಣೆಯಲ್ಲಿ ಕೂತಿದ್ದರು. ಅವರ ಮುಂದೆ ಇಲ್ಲ ಅನ್ನುವುದು ಹೇಗೆ? ಆ ಸಹಿಯನ್ನು ನಾನು ಒಪ್ಪಿಗೆ ಅಂದುಕೊಂಡಿದ್ದೆ. ಅದು ಸಂಕೋಚ ಆಗಿತ್ತು.

ದೃಶ್ಯ ತೆಗೆದೆವು. ಆ ದೃಶ್ಯಕ್ಕೆ ತಮಟೆ ಬಾರಿಸುತ್ತಿದ್ದವರೂ ಅವರೇ. ಬಾರಿಸುವುದನ್ನು ಮಾತ್ರ ಬಿಡುವುದಿಲ್ಲ ಅಂದರು. ಹಾಗಾಗಿ ಆ ಜಾಗದಲ್ಲಿ ಮಾತಿಲ್ಲದೆ ಬರೀ ಅವರ ಬಡಿತ ಉಳಿಯಿತು.

ಅಂದಿನಿಂದ ಹೀಗೆ ಮಾಡುತ್ತೇನೆ. ಮೊದಲ ಒಪ್ಪಿಗೆ ಗುಂಪಿಗೆ ಸೇರಲು. ಎರಡನೆಯದು, ಹೇಳಿದ ಕತೆಯನ್ನು ಪ್ರದರ್ಶನಕ್ಕೆ ಬಳಸಬಹುದೇ ಅಂತ. ಇದನ್ನು ಕತೆ ಹೇಳಿದ ದಿನ ಕೇಳಬಾರದು. ಮನಸ್ಸು ತುಂಬಿ ಬಂದಾಗ ಎಲ್ಲರೂ ಹೂಂ ಅನ್ನುತ್ತಾರೆ. ಕಡಿಮೆ ಅಂದರೂ ಒಂದು ವಾರ ಬಿಟ್ಟು, ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರು ಯಾರ ಮೇಲೆ ಅವಲಂಬಿಸಿದ್ದಾರೋ ಅಂಥವರು ಹತ್ತಿರ ಇಲ್ಲದಾಗ ಕೇಳಿ. ಮೂರನೆಯದು ಪೂರ್ತಿ ನಾಟಕವನ್ನು ಒಮ್ಮೆ ನೋಡಿದ ಮೇಲೆ. ಪ್ರತಿ ಸಲವೂ ಹೆಸರು ಬದಲಾಯಿಸಬೇಕೇ, ಊರು ಮರೆಮಾಡಬೇಕೇ, ಫೋಟೊ ವಿಡಿಯೊ ಬೇಡವೇ ಅಂತ ಬೇರೆ ಬೇರೆಯಾಗಿ ಕೇಳಿ. ಬೇಡ ಅಂದರೆ ಕಾರಣ ಕೊಡಬೇಕಿಲ್ಲ, ಸಂಭಾವನೆ ಕಡಿಮೆಯಾಗುವುದಿಲ್ಲ ಅನ್ನುವುದನ್ನು ಬಾಯಲ್ಲಿ ಹೇಳಿ, ಬರೆದೂ ಕೊಡಿ.

ಕಟ್ಟುವಾಗಲೇ ಯಾವ ದೃಶ್ಯ ತೆಗೆದರೂ ನಾಟಕ ಬೀಳದ ಹಾಗೆ ಕಟ್ಟಿ. ಒಂದೇ ಕತೆಯ ಮೇಲೆ ಎಲ್ಲವನ್ನೂ ನಿಲ್ಲಿಸಿದರೆ ಆ ವ್ಯಕ್ತಿಗೆ ಬೇಡ ಅನ್ನುವ ಸ್ವಾತಂತ್ರ್ಯ ಉಳಿಯುವುದಿಲ್ಲ.

ಹಂತ 4: ಪ್ರತಿ ಭೇಟಿಗೆ ಒಂದು ಬಾಗಿಲು, ಒಂದು ಚಿಲಕ

ಮೊದಲ 20 ನಿಮಿಷ ಮೈ ಸಡಿಲ ಮಾಡುವ ಆಟಗಳು. ಕೊನೆಯ 20 ನಿಮಿಷ ಮುಗಿಸುವ ಕ್ರಮ. ನಡುವಿನ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತಿದ್ದರೂ ಕೊನೆಯ 20 ನಿಮಿಷವನ್ನು ಮಾತ್ರ ಕಬಳಿಸಬೇಡಿ. ವೃತ್ತದಲ್ಲಿ ನಿಂತು, ಪಾದ ನೆಲಕ್ಕೆ ಒತ್ತಿ, ಪಾತ್ರ ಮಾಡಿದವರು ಆ ಪಾತ್ರವನ್ನು ಮೈಯಿಂದ ಕೊಡವಿ, ತಮ್ಮ ಸ್ವಂತ ಹೆಸರನ್ನು ಜೋರಾಗಿ ಹೇಳಲಿ. ಇವತ್ತು ಮನೆಗೆ ಹೋಗಿ ಏನು ಮಾಡುತ್ತೀರಿ ಅಂತ ಒಂದೊಂದು ವಾಕ್ಯ ಹೇಳಲಿ. ಇದು ಚಿಕ್ಕ ಕೆಲಸ ಅನಿಸಬಹುದು. ಆದರೆ ತೆರೆದ ಗಾಯ ಹೊತ್ತು ರಾತ್ರಿ ಒಬ್ಬರೇ ಮನೆಗೆ ನಡೆದು ಹೋಗುವುದು ಚಿಕ್ಕದಲ್ಲ.

ನಿಲ್ಲಿಸಲು ಒಂದು ಕೈಸನ್ನೆ ಮೊದಲ ದಿನವೇ ಗೊತ್ತು ಮಾಡಿ. ಯಾರು ತೋರಿಸಿದರೂ ಎಲ್ಲವೂ ನಿಲ್ಲಬೇಕು. ಸನ್ನೆ ತೋರಿಸಲೂ ಆಗದವರು ಇರುತ್ತಾರೆ, ಅವರನ್ನು ನೀವೇ ಗಮನಿಸಬೇಕು: ಕಣ್ಣು ಎಲ್ಲೋ ನೆಟ್ಟಿರುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ, ಕರೆದರೆ ತಡವಾಗಿ ಓಗೊಡುತ್ತಾರೆ, ಅಥವಾ ಭೀಕರವಾದದ್ದನ್ನು ದಿನಪತ್ರಿಕೆ ಓದಿದ ಹಾಗೆ ಒಣಗಿದ ದನಿಯಲ್ಲಿ ಹೇಳುತ್ತಿರುತ್ತಾರೆ. ಆಗ ಕತೆ ಮುಂದುವರಿಸಬೇಡಿ. ಕೇಳದೆ ಮುಟ್ಟಬೇಡಿ, ತಬ್ಬಿಕೊಳ್ಳಲೂ ಬೇಡಿ. ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಕೋಣೆಯಲ್ಲಿ ಕಾಣುವ ಐದು ವಸ್ತು ಹೇಳಿ ಅನ್ನಿ, ನೀರು ಕೊಡಿ. ಆಮೇಲೆ ಆಪ್ತಸಮಾಲೋಚಕರ ಜೊತೆ ಹೊರಗೆ ಹೋಗಲಿ, ಗುಂಪಿನ ಉಳಿದವರನ್ನು ನೀವು ನೋಡಿಕೊಳ್ಳಿ.

ಎರಡು ಗುಂಪುಗಳ ನಡುವಿನ ಅನ್ಯಾಯ ನಿಮ್ಮ ವಿಷಯವಾಗಿದ್ದರೆ ಮೊದಲ ದಿನವೇ ಎರಡನ್ನೂ ಒಂದೇ ಕೋಣೆಗೆ ತರಬೇಡಿ. ಅಮೆರಿಕದ ನೃತ್ಯ ಕಲಾವಿದೆ ಆನಾ ಹಾಲ್ಪ್ರಿನ್, 1965ರಲ್ಲಿ ಲಾಸ್ ಏಂಜಲಿಸ್‌ನ ವಾಟ್ಸ್ ಪ್ರದೇಶ ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿದ ಕೆಲವು ವರ್ಷಗಳ ನಂತರ, ಕಪ್ಪು ಕಲಾವಿದರ ಒಂದು ಗುಂಪು ಮತ್ತು ಬಿಳಿಯರ ಒಂದು ಗುಂಪಿನ ಜೊತೆ ಬೇರೆ ಬೇರೆಯಾಗಿಯೇ ತಿಂಗಳುಗಟ್ಟಲೆ ಕೆಲಸ ಮಾಡಿದರು. ಆಮೇಲಷ್ಟೇ ಸೇರಿಸಿದರು. 1969ರ ಅವರ ಪ್ರದರ್ಶನ ಆ ಭೇಟಿಯಿಂದಲೇ ಬೆಳೆಯಿತು.

ಹಂತ 5: ಕತೆಯ ವೃತ್ತ

ಅಮೆರಿಕದ ದಕ್ಷಿಣ ಭಾಗದ ನಾಗರಿಕ ಹಕ್ಕುಗಳ ಹೋರಾಟದ ಒಳಗಿಂದ 1963ರಲ್ಲಿ ಒಂದು ರಂಗತಂಡ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ಓನೀಲ್ ಮುಂದೆ ಕತೆಯ ವೃತ್ತ ಅನ್ನುವ ವಿಧಾನವನ್ನು ಬೆಳೆಸಿದರು. ಜಾಸ್ತಿ ಸಾಮಾನು ಬೇಡ. ಐದರಿಂದ ಏಳು ಜನ ಒಂದು ವೃತ್ತ. ಒಬ್ಬೊಬ್ಬರಿಗೂ ಮೂರು ನಿಮಿಷ, ಎಲ್ಲರಿಗೂ ಸಮ. ಸರದಿ ಬಂದಾಗ ಬೇಡ ಅನಿಸಿದರೆ ಮುಂದಿನವರಿಗೆ ದಾಟಿಸಬಹುದು. ಭಾಷಣ ಬೇಡ, ಅಭಿಪ್ರಾಯ ಬೇಡ, ನಡೆದದ್ದು ಹೇಳಿ. ನಡುವೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ, ಸಮಾಧಾನವನ್ನೂ ಹೇಳುವ ಹಾಗಿಲ್ಲ.

ಕಷ್ಟದ್ದು ಕೊನೆಯ ನಿಯಮವೇ. ಯಾರಾದರೂ ಅತ್ತರೆ ತಕ್ಷಣ ಅಯ್ಯೋ ಅಳಬೇಡಿ ಅನ್ನುತ್ತೇವೆ, ಅಲ್ವಾ? ಅದು ಎಷ್ಟೋ ಸಲ ನಮ್ಮ ಇರುಸುಮುರುಸು ಕಡಿಮೆಯಾಗಲಿ ಅಂತ ಹೇಳುವ ಮಾತು. ಕೇಳುವವರು ತಮ್ಮ ಸರದಿಗೆ ಏನು ಹೇಳಲಿ ಅಂತ ಯೋಚಿಸದೆ ಈಗ ಹೇಳುತ್ತಿರುವವರ ಮಾತಿಗೇ ಕಿವಿ ಕೊಡಲಿ.

ಪ್ರಶ್ನೆಯನ್ನು ನೋವಿನಿಂದ ಶುರು ಮಾಡಬೇಡಿ. ನಿಮಗೆ ಆದ ಅತಿ ದೊಡ್ಡ ಅನ್ಯಾಯ ಹೇಳಿ ಅಂತ ಕೇಳಿದರೆ ಸ್ಪರ್ಧೆ ಶುರುವಾಗುತ್ತದೆ. ನೀವು ಹುಟ್ಟಿದ ಮನೆಯ ಬಾಗಿಲು ಹೇಗಿತ್ತು? ಯಾರಾದರೂ ನಿಮ್ಮ ಪರ ಎದ್ದು ನಿಂತ ದಿನ ಯಾವುದು? ನೀವು ಇಲ್ಲ ಅಂದ ದಿನ? ಇಂಥ ಪ್ರಶ್ನೆಗಳಿಂದ ಜನ ತಾವೇ ಎಷ್ಟು ದೂರ ಹೋಗಬೇಕೋ ಅಷ್ಟು ಹೋಗುತ್ತಾರೆ.

ಹಂತ 6: ಕತೆಯನ್ನು ಮೈಗೆ, ವಸ್ತುವಿಗೆ, ದನಿಗೆ ದಾಟಿಸಿ

ನನಗೆ ಎಲ್ಲಕ್ಕಿಂತ ಪ್ರೀತಿಯ ಹಂತ ಇದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರು ತಮ್ಮನ್ನು ಬಾಡಿಗೆ ಮನೆಯಿಂದ ರಾತ್ರೋರಾತ್ರಿ ಹೊರಹಾಕಿದ ಕತೆ ಹೇಳಿದ್ದಾರೆ. ಅದನ್ನು ಹೇಗೆ ನಡೆಯಿತೋ ಹಾಗೇ ಅಭಿನಯಿಸುವುದು ಸುಲಭದ ದಾರಿ. ಅವರನ್ನೇ ನಿಲ್ಲಿಸಿ ಅದೇ ರಾತ್ರಿಯನ್ನು ಮತ್ತೆ ಆಡಿಸುವುದು ಇನ್ನೂ ಸುಲಭ. ಎರಡನ್ನೂ ಮಾಡಬೇಡಿ.

ಬದಲಿಗೆ ಕೇಳಿ: ಆ ರಾತ್ರಿಯ ಯಾವ ಸದ್ದು ನೆನಪಿದೆ? ಅವರು ಚಿಲಕದ ಸದ್ದು ಅನ್ನಬಹುದು. ಗುಂಪು ಆ ಸದ್ದನ್ನು ಬಾಯಲ್ಲಿ, ಕಟ್ಟಿಗೆಯಲ್ಲಿ, ಕಬ್ಬಿಣದ ತುಂಡಿನಲ್ಲಿ ಹುಡುಕಲಿ. ಅದು ನಿಧಾನವಾಗಿ ಒಂದು ತಾಳವಾಗುತ್ತದೆ. ಏನು ಹೊತ್ತುಕೊಂಡು ಹೊರಟಿರಿ? ಒಂದು ಗಂಟು. ಆ ಗಂಟು ರಂಗದ ಮೇಲೆ ಕೈಯಿಂದ ಕೈಗೆ ದಾಟಲಿ, ಪ್ರತಿಯೊಬ್ಬರೂ ಅದರ ಭಾರವನ್ನು ತಮ್ಮದೇ ರೀತಿ ಹೊರಲಿ. ನೋಡಿ, ಅಷ್ಟರಲ್ಲಿ ಕತೆ ಒಬ್ಬರ ಮೈಯಿಂದ ಇಳಿದು ಹದಿನೈದು ಜನರ ಮೈಗೆ ಹಂಚಿಹೋಯಿತು. ಹೇಳಿದವರು ಈಗ ದೂರದಲ್ಲಿ ಕೂತು, ಹಾಗಲ್ಲ, ಇನ್ನೂ ನಿಧಾನ ಅಂತ ತಿದ್ದುತ್ತಾರೆ. ಅವತ್ತು ಅವರ ಕೈಯಲ್ಲಿ ಏನೂ ಇರಲಿಲ್ಲ, ಇವತ್ತು ನಿರ್ದೇಶನ ಅವರ ಕೈಯಲ್ಲಿದೆ. ಗಾಯ ಮಾಯಲು ಶುರುವಾಗುವುದನ್ನು ನಾನು ಕಣ್ಣಾರೆ ಕಂಡಿರುವುದು ಇಂಥ ಗಳಿಗೆಗಳಲ್ಲೇ.

ಬೋಲ್ ಅವರ ಪ್ರತಿಮೆ ರಂಗಭೂಮಿಯ ಒಂದು ಆಟ ಇಲ್ಲಿ ತುಂಬಾ ಉಪಯೋಗ. ಮಾತಿಲ್ಲದೆ, ಗೆಳೆಯರ ಮೈಗಳನ್ನೇ ಜೇಡಿಮಣ್ಣಿನ ಹಾಗೆ ಬಳಸಿ ಮೂರು ನಿಶ್ಚಲ ಚಿತ್ರ ಮಾಡಬೇಕು (ಮುಟ್ಟಿಸಿಕೊಳ್ಳಲು ಇಷ್ಟ ಇಲ್ಲದವರಿಗೆ ಸನ್ನೆಯಲ್ಲಿ ತೋರಿಸಿದರೆ ಸಾಕು). ಮೊದಲು ಇರುವ ಸ್ಥಿತಿ. ಆಮೇಲೆ ಇರಬೇಕಾದ ಸ್ಥಿತಿ. ಮೂರನೆಯದು ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿ. ಮೂರನೆಯದರಲ್ಲಿ ಜನ ಒಬ್ಬರಿಗೊಬ್ಬರು ಒಪ್ಪುವುದಿಲ್ಲ, ಜಗಳವೂ ಆಗುತ್ತದೆ. ಆಗಲಿ ಬಿಡಿ. ನಾಟಕಕ್ಕೆ ಬೇಕಾದ ಸರಕು ಆ ಜಗಳದಲ್ಲಿದೆ.

ಬಟ್ಟೆಯನ್ನೂ ಮರೆಯಬೇಡಿ. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗಾಗಿ ಮನೆಯವರು, ಗೆಳೆಯರು ಹೊಲಿದ ಕೌದಿಯನ್ನು ಮೊದಲ ಸಲ ಹಾಸಿದರು. 1,920 ತುಂಡುಗಳು, ಒಂದೊಂದೂ ಮೂರು ಅಡಿ ಅಗಲ, ಆರು ಅಡಿ ಉದ್ದ, ಹೆಚ್ಚುಕಡಿಮೆ ಒಬ್ಬ ಮನುಷ್ಯನನ್ನು ಹೂಳುವ ಜಾಗದಷ್ಟು. ಹೆಸರುಗಳನ್ನು ಗಟ್ಟಿಯಾಗಿ ಓದಿದರು. ವೇದಿಕೆಯ ಮೇಲೆ ಬರಲು ಇಷ್ಟ ಇಲ್ಲದವರಿಗೆ ಹೊಲಿಗೆ ಒಳ್ಳೆಯ ದಾರಿ. ಕೈ ಕೆಲಸದಲ್ಲಿ ಇರುವಾಗ ಮಾತು ತಾನಾಗಿ ಬರುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ನೋಡುವ ಒತ್ತಾಯ ಇರುವುದಿಲ್ಲ.

ಹಂತ 7: ಕಲೆಗಳನ್ನು ಹೆಣೆಯಿರಿ, ಗುಡ್ಡೆ ಹಾಕಬೇಡಿ

ನಾಟಕ ಇದೆ, ಹಾಡೂ ಇರಲಿ, ಪ್ರೊಜೆಕ್ಟರ್ ಕೂಡ ಇರಲಿ ಅಂತ ಸೇರಿಸುತ್ತಾ ಹೋದರೆ ಅದು ಶಾಲೆಯ ವಾರ್ಷಿಕೋತ್ಸವ ಆಗುತ್ತದೆ. ಪ್ರತಿಯೊಂದಕ್ಕೂ ಅದು ಮಾತ್ರ ಮಾಡಬಲ್ಲ ಕೆಲಸ ಕೊಡಿ. ಹೇಳಲು ಹೆದರಿಕೆ ಇರುವುದನ್ನು ರೆಕಾರ್ಡ್ ಮಾಡಿದ ದನಿಗೆ ಕೊಡಿ, ಮುಖ ಕಾಣುವುದಿಲ್ಲ. ಲೆಕ್ಕ, ತಾರೀಕು, ನೋಟಿಸು, ಕಾನೂನು ಇವೆಲ್ಲ ಗೋಡೆಯ ಮೇಲಿನ ಬರಹಕ್ಕೆ. ಮಾತಿಗೆ ಸಿಗದ್ದು ಕುಣಿತಕ್ಕೆ. ಜನರನ್ನು ಒಟ್ಟುಗೂಡಿಸುವ ಕೆಲಸ ಹಾಡಿಗೆ.

ಎರಡು ಪ್ರಯೋಗಗಳನ್ನು ನೋಡಿ. 1987ರಲ್ಲೇ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕಲಾವಿದೆ ಸುಝಾನ್ ಲೇಸಿ 60 ದಾಟಿದ 430 ಮಹಿಳೆಯರನ್ನು ಮೇಜುಗಳ ಸುತ್ತ ಕೂರಿಸಿದರು. ಅವರು ವಯಸ್ಸಾಗುವುದರ ಬಗ್ಗೆ ಮಾತಾಡುತ್ತಾ ಆಗಾಗ ಮೇಜಿನ ಮೇಲೆ ಕೈ ಇಡುವ ರೀತಿ ಬದಲಾಯಿಸುತ್ತಿದ್ದರು. ಮೇಲಿನಿಂದ ನೋಡಿದವರಿಗೆ ಅದು ಒಂದು ದೊಡ್ಡ ಕೌದಿಯ ವಿನ್ಯಾಸದ ಹಾಗೆ ಕಾಣುತ್ತಿತ್ತು. ಅವರ ಮಾತುಗಳು ಧ್ವನಿಮುದ್ರಿಕೆಯಲ್ಲಿ ಕೇಳುತ್ತಿದ್ದವು. ಯಾರೂ ಅಭಿನಯ ಕಲಿಯಬೇಕಾಗಲಿಲ್ಲ. ಇನ್ನೊಂದು, 1983ರ ಸೆಪ್ಟೆಂಬರ್ 21ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನಡೆದದ್ದು. ಸೇನಾ ಆಡಳಿತದಲ್ಲಿ ಕಾಣೆಯಾದ ಮಕ್ಕಳಿಗಾಗಿ ತಾಯಂದಿರು ನಡೆಸಿದ ಮೆರವಣಿಗೆಯಲ್ಲಿ, ಜನ ಕಾಗದದ ಮೇಲೆ ಮಲಗಿದರು, ಬೇರೆಯವರು ಅವರ ಮೈಯ ಅಂಚು ಬರೆದರು, ಆ ಆಕೃತಿಗಳನ್ನು ನಗರದ ಗೋಡೆಗಳಿಗೆ ನಿಂತ ಭಂಗಿಯಲ್ಲಿ ಅಂಟಿಸಿದರು. ಕಾಣೆಯಾದವರ ಜಾಗಕ್ಕೆ ಬದುಕಿರುವವರು ತಮ್ಮ ಮೈಯನ್ನೇ ಅಳತೆಯಾಗಿ ಕೊಟ್ಟರು. ಬೇಕಾದದ್ದು ಕಾಗದ, ಬಣ್ಣ, ಅಂಟು.

ಹಂತ 8: ನೋವಿನ ಹಿಂದಿನ ಕೈ ಯಾವುದು?

ಮನೆ ಖಾಲಿ ಮಾಡಿಸಿದ ಕತೆಗೆ ವಾಪಸ್ ಬನ್ನಿ. ಗಂಟು ಇದೆ, ಚಿಲಕದ ತಾಳ ಇದೆ. ಇಷ್ಟೇ ಇದ್ದರೆ ಪ್ರೇಕ್ಷಕರು ಪಾಪ ಅಂದು ಮನೆಗೆ ಹೋಗುತ್ತಾರೆ. ದೊಡ್ಡ ಹಾಳೆ ಹಾಸಿ, ನಡುವೆ ಆ ಮನೆಯ ಚಿತ್ರ ಬರೆದು, ಗುಂಪಿನವರಿಂದಲೇ ನಕ್ಷೆ ಬರೆಸಿ. ನೋಟಿಸಿಗೆ ಸಹಿ ಹಾಕಿದ್ದು ಯಾರು? ಖಾಲಿ ಆಗಿದ್ದರಿಂದ ಯಾರಿಗೆ ಲಾಭ? ನೋಡುತ್ತಾ ನಿಂತವರು ಯಾರು? ತಡೆಯಬಹುದಾಗಿದ್ದ ಕಾನೂನು ಇತ್ತಾ? ಅದು ಅವರಿಗೆ ಯಾಕೆ ಗೊತ್ತಿರಲಿಲ್ಲ? ನಾಟಕದ ಪಾತ್ರಗಳು ಈ ನಕ್ಷೆಯಿಂದ ಬರಲಿ. ಸಂಬಂಧಪಟ್ಟವರನ್ನು ನಿಜ ಹೆಸರಿನಲ್ಲಿ ತೋರಿಸುವ ಮುಂಚೆ ಒಬ್ಬ ವಕೀಲರಿಗೆ ಓದಿಸಿ.

ಇದಕ್ಕೆ ವೇದಿಕೆ ರಂಗಭೂಮಿ (ಫೋರಂ ಥಿಯೇಟರ್, ಇಲ್ಲಿ ವೇದಿಕೆ ಅಂದರೆ ಎಲ್ಲರೂ ಚರ್ಚಿಸುವ ಜಾಗ) ಅನ್ನುವ ವಿಧಾನ ಚೆನ್ನಾಗಿ ಒಗ್ಗುತ್ತದೆ. ಪೆರುವಿನಲ್ಲಿ ಬೋಲ್ ಪ್ರೇಕ್ಷಕರ ಸಲಹೆ ಕೇಳಿ ನಟರಿಂದ ಆಡಿಸುತ್ತಿದ್ದಾಗ, ಒಬ್ಬ ಮಹಿಳೆಗೆ ನಟರು ಎಷ್ಟು ಸಲ ಮಾಡಿದರೂ ತೃಪ್ತಿಯಾಗಲಿಲ್ಲ. ಕೊನೆಗೆ ಬೋಲ್, ನೀವೇ ಬಂದು ಮಾಡಿ ಅಂದರು. ಆಕೆ ರಂಗಕ್ಕೆ ಬಂದಳು, ಈ ವಿಧಾನ ಹಾಗೆ ಹುಟ್ಟಿತು. ಸೋಲಿನಲ್ಲಿ ಮುಗಿಯುವ 10 ನಿಮಿಷದ ನಾಟಕ ಆಡಿ. ಎರಡನೇ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ ನಿಲ್ಲಿಸಿ ಅನ್ನಬಹುದು, ಶೋಷಿತ ಪಾತ್ರದ ಅಥವಾ ಸುಮ್ಮನೆ ನೋಡುತ್ತಾ ನಿಂತ ನೆರೆಯವರ ಜಾಗಕ್ಕೆ ಬಂದು ಬೇರೆ ದಾರಿ ಪ್ರಯತ್ನಿಸಬಹುದು. ಮಾಲೀಕನ ಪಾತ್ರಧಾರಿ ಸುಲಭವಾಗಿ ಸೋಲಬಾರದು, ನಿಜ ಜೀವನದಲ್ಲಿ ಇರುವಷ್ಟೇ ಬಿಗಿಯಾಗಿರಬೇಕು. ನಡುವೆ ನಿಂತು ನಡೆಸುವವರನ್ನು ಬೋಲ್ ಜೋಕರ್ ಅಂದರು, ಇಸ್ಪೀಟಿನ ಜೋಕರ್ ಹಾಗೆ ಯಾವ ಬಣ್ಣಕ್ಕೂ ಸೇರದವರು. ಅವರು ಉತ್ತರ ಕೊಡುವುದಿಲ್ಲ. ಇದು ನಿಜಕ್ಕೂ ಆಗುತ್ತದಾ, ಹೀಗೆ ಮಾಡಿದರೆ ಮಾರನೆಯ ದಿನ ಏನಾಗುತ್ತದೆ ಅಂತ ಪ್ರೇಕ್ಷಕರಿಗೇ ಕೇಳುತ್ತಾರೆ. ಕತೆಯ ನಿಜ ಒಡೆಯರನ್ನು ಮಾತ್ರ ಶೋಷಿತ ಪಾತ್ರದಲ್ಲಿ ನಿಲ್ಲಿಸಬೇಡಿ. ನೀನು ಹೀಗೆ ಮಾಡಬಹುದಿತ್ತು ಅಂತ ನೂರು ಜನ ಹೇಳಿಕೊಡುವುದನ್ನು ಅವರು ಕೇಳಿಸಿಕೊಳ್ಳುವಂತೆ ಆಗಬಾರದು.

ಬಂದ ಸಲಹೆಗಳನ್ನು ಒಬ್ಬರು ಬರೆದುಕೊಳ್ಳಲಿ. ಬೋಲ್ 1993ರಿಂದ 1996ರವರೆಗೆ ರಿಯೊ ಡಿ ಜನೈರೊದ ನಗರಸಭೆಯಲ್ಲಿದ್ದಾಗ ಇಂಥ ನಾಟಕಗಳಿಂದ ಬಂದ ಸಲಹೆಗಳಲ್ಲಿ 13 ಕಾನೂನುಗಳಾದವು.

ಹಂತ 9: ತಾಲೀಮು

ತಾಲೀಮಿನಲ್ಲಿ ನೋವಿನ ದೃಶ್ಯವನ್ನು ಪೂರ್ತಿ ಭಾವ ತುಂಬಿ ಪದೇ ಪದೇ ಆಡಿಸಬೇಡಿ. ಚಲನೆ, ಜಾಗ, ಸಮಯ ಇಷ್ಟನ್ನು ಅಭ್ಯಾಸ ಮಾಡಿದರೆ ಸಾಕು. ಹೊರಗಿನವರನ್ನು ಕರೆದು ಅಭಿಪ್ರಾಯ ಕೇಳುವಾಗ ನೃತ್ಯ ನಿರ್ದೇಶಕಿ ಲಿಜ್ ಲೆರ್ಮನ್ 1990ರ ಸುಮಾರಿಗೆ ರೂಪಿಸಿದ ಕ್ರಮ ಅನುಸರಿಸಿ. ಮೊದಲು ನೋಡಿದವರು ತಮಗೆ ಯಾವುದು ತಟ್ಟಿತು ಅಂತ ಹೇಳುತ್ತಾರೆ. ಆಮೇಲೆ ಕಲಾವಿದರು ತಮಗಿರುವ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ, ಅಭಿಪ್ರಾಯ. ಜೀವನದಲ್ಲಿ ಮೊದಲ ಸಲ ರಂಗಕ್ಕೆ ಬಂದವರಿಗೆ ಈ ಕ್ರಮ ತುಂಬಾ ಧೈರ್ಯ ಕೊಡುತ್ತದೆ.

ಹಂತ 10: ಪ್ರದರ್ಶನದ ದಿನ

ಮೊದಲ ಪ್ರದರ್ಶನ ಮನೆಯವರಿಗೆ ಮತ್ತು ಗುಂಪಿನವರೇ ಹೆಸರಿಸಿದವರಿಗೆ ಮಾತ್ರ. ಪತ್ರಿಕೆಯವರು, ಹಣ ಕೊಟ್ಟವರು ಎರಡನೇ ದಿನ ಬರಲಿ. ನಾಟಕದಲ್ಲಿ ಯಾವ ವಿಷಯ ಇದೆ ಅಂತ ಬಾಗಿಲಲ್ಲೇ ಬರೆದು ಹಾಕಿ. ನಡುವೆ ಎದ್ದು ಹೋಗಬಹುದು ಅಂತ ಶುರುವಿಗೆ ಹೇಳಿ. ಹೋದವರು ಕೂರಲು ಒಂದು ಶಾಂತವಾದ ಕೋಣೆ, ಅಲ್ಲಿ ಒಬ್ಬರು. ಸನ್ನೆಭಾಷೆಯಲ್ಲಿ ಅನುವಾದ ಮಾಡುವವರನ್ನು ಹಿಂದಿನ ದಿನ ಕರೆಯಬೇಡಿ, ತಾಲೀಮಿಗೇ ಕರೆಯಿರಿ.

ಪ್ರದರ್ಶನವನ್ನು ಎಲ್ಲಿ, ಯಾವಾಗ ಇಡುತ್ತೀರಿ ಅನ್ನುವುದೂ ಮುಖ್ಯ. ಪೆರುವಿನ ಯುಯಾಚ್ಕಾನಿ ತಂಡ ದೇಶದ ಸತ್ಯಶೋಧನಾ ಆಯೋಗದ ಸಾರ್ವಜನಿಕ ವಿಚಾರಣೆಗಳಿಗೆ ಮುಂಚೆ ಊರುಗಳ ಮಾರುಕಟ್ಟೆ, ಬೀದಿಗಳಲ್ಲಿ ಆಡಿತು. ಸಾಕ್ಷಿ ಹೇಳಲು ಹೆದರುತ್ತಿದ್ದವರಿಗೆ ಅದು ಒಂದು ಬಾಗಿಲು ತೆರೆಯಿತು. ನಿಮ್ಮ ಊರಲ್ಲೂ ಒಂದು ಸಭೆ, ಒಂದು ವಿಚಾರಣೆ, ಒಂದು ತೀರ್ಮಾನ ಹತ್ತಿರದಲ್ಲಿದ್ದರೆ ತಾರೀಕನ್ನು ಅದಕ್ಕೆ ಹೊಂದಿಸಿ.

ಹಂತ 11: ಪರದೆ ಬಿದ್ದ ಮೇಲೆ

ಚಪ್ಪಾಳೆಯ ಮಾರನೆಯ ದಿನ ಒಂದು ಖಾಲಿತನ ಬರುತ್ತದೆ. ಅದು ಬರುತ್ತದೆ ಅಂತ ಮುಂಚೆಯೇ ಹೇಳಿಡಿ. ಪ್ರದರ್ಶನ ಮುಗಿದು ಒಂದು ವಾರ ಆದಾಗ ಒಮ್ಮೆ, ಒಂದು ತಿಂಗಳು ಆದಾಗ ಒಮ್ಮೆ ಮತ್ತೆ ಸೇರುವ ತಾರೀಕನ್ನು ಮೊದಲ ದಿನವೇ ಗೊತ್ತು ಮಾಡಿ, ಬಜೆಟ್‌ನಲ್ಲೂ ಬರೆಯಿರಿ. ಆಪ್ತಸಮಾಲೋಚಕರು ಆ ಎರಡು ದಿನವೂ ಇರಲಿ. ಹೊರಗಿನಿಂದ ಬೆದರಿಕೆ ಬಂದಿದೆಯಾ ಅಂತ ಆಗ ಒಬ್ಬೊಬ್ಬರನ್ನೂ ಕೇಳಿ.

ಪ್ರೇಕ್ಷಕರು ಕೊಟ್ಟ ಸಲಹೆಗಳ ಪಟ್ಟಿಯನ್ನು ತಿಂಗಳ ಭೇಟಿಗೆ ತನ್ನಿ. ಯಾವುದನ್ನು ಯಾರು ಎಲ್ಲಿಗೆ ತೆಗೆದುಕೊಂಡು ಹೋಗುತ್ತಾರೆ ಅಂತ ಗುಂಪೇ ತೀರ್ಮಾನಿಸಲಿ, ನೀವು ಅರ್ಜಿ ಬರೆಯಲು, ಜೊತೆಗೆ ಹೋಗಲು ಸಿದ್ಧರಿರಿ. ವಿಡಿಯೊವನ್ನು ಎಲ್ಲರೂ ಕೂತು ಒಟ್ಟಿಗೆ ನೋಡಿ. ಯಾವ ಭಾಗ ಇಂಟರ್‌ನೆಟ್‌ಗೆ ಹೋಗಬಹುದು, ಯಾವುದು ಹೋಗಬಾರದು ಅಂತ ಅಲ್ಲೇ ಬರೆದುಕೊಳ್ಳಿ. ಬೇಡ ಅಂದ ಭಾಗವನ್ನು ಅವರ ಕಣ್ಣ ಮುಂದೆಯೇ ಅಳಿಸಿ, ನಿಮ್ಮ ಫೋನಿನಲ್ಲಿರುವ ಪ್ರತಿಯನ್ನೂ ಸೇರಿಸಿ.